ಲೋನ್ ಕಾಲ್ ಕಾಟಕ್ಕೆ 1909 ಸಾಕಾ, ಆ್ಯಪ್ ಬೇಕಾ?

ಗಂಗಾವತಿಯಲ್ಲಿ ನಮ್ಮದು ಭತ್ತದ ವ್ಯಾಪಾರ. ತೂಕದ ಹೊತ್ತಿಗೇ ಸರಿಯಾಗಿ ‘ಸಾರ್, ಲೋನ್ ಬೇಕಾ’ ಅಂತ ಫೋನ್ ಬರುತ್ತದೆ, ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಮೊಬೈಲ್, ಚೀಲದ ಲೆಕ್ಕ ತಪ್ಪಿಹೋಗುತ್ತದೆ.

ಮೊದಲು 1909ಕ್ಕೆ ಫೋನ್ ಮಾಡಿ ಡಿಎನ್‌ಡಿ, ಅಂದರೆ ‘ಜಾಹೀರಾತು ಕರೆ ಬೇಡ’ ಅನ್ನೋ ನೋಂದಣಿ, ಹಾಕಿಸಿ, ಪುಕ್ಕಟೆ. 140ರಿಂದ ಶುರುವಾಗುವ ಜಾಹೀರಾತು ಕರೆ ಕಡಿಮೆಯಾಗುತ್ತವೆ. ಆದರೆ ಸಾದಾ ಹತ್ತಂಕಿ ನಂಬರಿನಿಂದ ಮಾಡುವವರು ಇದಕ್ಕೆಲ್ಲ ಬಗ್ಗುವುದಿಲ್ಲ. ಅವರ ಮೇಲೆ ಕರೆ ಬಂದ 7 ದಿನದೊಳಗೆ ದೂರು ಕೊಡಬಹುದು, ಪುರುಸೊತ್ತಿದ್ದರೆ. ಅಂಥವರನ್ನು ಟ್ರೂಕಾಲರ್ ಆ್ಯಪ್ ಕೆಂಪಗೆ ತೋರಿಸುತ್ತದೆ, ಅದೂ ಹೆಚ್ಚಾಗಿ ಬೇರೆಯವರು ಮೊದಲೇ ಸ್ಪ್ಯಾಮ್ ಅಂತ ಗುರುತು ಹಾಕಿದ್ದರೆ. ನನಗೆ ಎರಡೂ ಬೇಕು.

ಗೊತ್ತಿಲ್ಲದ ನಂಬರೆಲ್ಲ ಸೈಲೆಂಟ್ ಮಾಡುವ ಸೆಟ್ಟಿಂಗ್? ಅಪ್ಪನ ಫೋನಿಗೆ ಹಾಕಿದೆ, ಆರಾಮಾಗಿದ್ದಾರೆ. ನನಗೆ ಆಗಲ್ಲ, ಲಾರಿ ಡ್ರೈವರ್ ದಿನಾ ಹೊಸಬ ಅಲ್ವಾ.