ಕಂಪ್ರೆಷನ್ ಕಡಿಮೆ ಬಂತೆಂದು ಎಂಜಿನ್ ಬಿಚ್ಚುವ ಮುನ್ನ

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಮನೆಯಲ್ಲೇ ಪ್ಲಗ್ ತೂತಿಗೆ ಗೇಜ್ ಹಾಕಿ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡಿದಾಗ ಸಾಲಾಗಿ ಬಂದದ್ದು 110, 100, 95, 85 ಪಿಎಸ್‌ಐ (ಒತ್ತಡದ ಅಳತೆ). ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಸವೆದಿದೆ ಎಂದು ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಿ, ಪಿಸ್ಟನ್ ಹೊರತೆಗೆದದ್ದೂ ಆಯಿತು. ಬೋರ್ (ಸಿಲಿಂಡರಿನ ಒಳಗೋಡೆ), ರಿಂಗ್, ವಾಲ್ವ್ ಎಲ್ಲವೂ ಸರಿಯಾಗಿಯೇ ಇದ್ದವು. ಕೆಟ್ಟಿದ್ದು ಎಂಜಿನ್ ಅಲ್ಲ, ಪರೀಕ್ಷೆ.

ಆ ಅಂಕಿಗಳನ್ನು ಅಳೆದ ಕ್ರಮದಲ್ಲೇ ಇನ್ನೊಮ್ಮೆ ಓದಿ. ಪ್ರತಿ ಸಲವೂ ಇಳಿದಿವೆ. ಸವೆತ ಹೀಗೆ ಸರತಿಯಲ್ಲಿ ಬರುವುದು ಅಪರೂಪ, ಸೋಲುತ್ತಿದ್ದುದು ಬ್ಯಾಟರಿ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ರಿಂಗ್ ಸಂದಿಯಿಂದ ಗಾಳಿ ಸೋರಲು ಹೆಚ್ಚು ಹೊತ್ತು ಸಿಗುತ್ತದೆ. ಸಾಲದ್ದಕ್ಕೆ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಮುಚ್ಚಿತ್ತು. ಸಿಲಿಂಡರಿಗೆ ಗಾಳಿಯೇ ಹೋಗದಿದ್ದರೆ ಒತ್ತಡ ಎಲ್ಲಿಂದ ಬರಬೇಕು? ಇಂಥ ಸಂಶಯ ಬಂದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ನಾಲ್ಕನೆಯದರಿಂದ ಹಿಂದಕ್ಕೆ ಅಳೆಯಿರಿ. ಕಡಿಮೆ ಅಂಕಿ ಜಾಗ ಬದಲಿಸಿದರೆ ದೋಷ ಎಂಜಿನ್ನಿನದಲ್ಲ.

ಅಳೆಯುವಾಗ ಎಂಜಿನ್ ಬೆಚ್ಚಗಿರಲಿ, ಕೈ ಸುಡುವಷ್ಟು ಬಿಸಿ ಬೇಡ; ಬಿಸಿ ಅಲ್ಯುಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಪ್ಲಗ್ ಗುಂಡಿಯ ಧೂಳನ್ನು ಮೊದಲು ಗಾಳಿ ಹೊಡೆದು ತೆಗೆಯಿರಿ, ಇಲ್ಲವಾದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ. ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು, ಇಂಜೆಕ್ಟರ್ ಮತ್ತು ಕಾಯಿಲ್‌ಗಳ ಕನೆಕ್ಟರ್ ಕಳಚಿ. ಇದನ್ನು ಮರೆಯಲೇಬೇಡಿ: ತೆರೆದ ಪ್ಲಗ್ ತೂತುಗಳಿಂದ ಪೆಟ್ರೋಲ್ ಆವಿ ಹೊರಬರುವಾಗ ಒಂದು ಕಿಡಿ ಸಿಕ್ಕರೆ ಬೆಂಕಿ ಹತ್ತುತ್ತದೆ.

ಗೇಜನ್ನು ಪ್ಲಗ್ ತೂತಿಗೆ ಜೋಡಿಸುವ ಅಡಾಪ್ಟರ್ ಆರಿಸುವಾಗ ಪ್ಲಗ್ ಪಕ್ಕಕ್ಕಿಟ್ಟು ಥ್ರೆಡ್ ದಪ್ಪ, ಉದ್ದ ಎರಡನ್ನೂ ಹೋಲಿಸಿ. ಉದ್ದ ಹೆಚ್ಚಿದ್ದರೆ ಪಿಸ್ಟನ್ನಿಗೆ ಬಡಿಯಬಹುದು. ಕೈಯಲ್ಲೇ ತಿರುಗಿಸಿ ಕೂರಿಸಿ, ಪಾನಾ ಹಾಕಬೇಡಿ. ಹೋಸ್ ತುದಿಯ ಸಣ್ಣ ವಾಲ್ವ್ ಕೆಟ್ಟಿದೆಯೆಂದು ಟೈರಿನ ವಾಲ್ವ್ ಪಿನ್ ಹಾಕುವವರಿದ್ದಾರೆ. ನೋಡಲು ಒಂದೇ ಥರ, ಆದರೆ ಟೈರಿನದಕ್ಕೆ ಸ್ಪ್ರಿಂಗ್ ಗಡುಸು. ಗೇಜ್ ಕಡಿಮೆಯೇ ತೋರಿಸುತ್ತದೆ.

ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಮುಳ್ಳು 5-6 ಸಲ ಜಿಗಿದರೆ ಸಾಕು. ಎಲ್ಲ ಸಿಲಿಂಡರಿಗೂ ಅಷ್ಟೇ ಸಲ. ಅತಿ ಹೆಚ್ಚಿನದರ 75 ಪ್ರತಿಶತಕ್ಕಿಂತ ಕೆಳಗಿದ್ದ ಸಿಲಿಂಡರನ್ನೇ ಸಂಶಯಿಸಿ. ಎಲ್ಲವೂ ಒಟ್ಟಿಗೆ ಕಡಿಮೆಯಿದ್ದು, ಬ್ಯಾಟರಿ, ಥ್ರಾಟಲ್ ಸರಿಯಿದ್ದರೆ ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಹಲ್ಲು ಜಾರಿದೆಯೇ ನೋಡಿ. ಪಕ್ಕಪಕ್ಕದ ಎರಡು ಮಾತ್ರ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಮೇಲೆ ಕಣ್ಣಿಡಿ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಆಯಿಲ್ ಜಾಸ್ತಿ ಸುರಿದರೆ ಪಿಸ್ಟನ್ ಮೇಲಿನ ಜಾಗವೇ ಕಿರಿದಾಗಿ ಒತ್ತಡ ಸುಳ್ಳುಸುಳ್ಳೇ ಏರುತ್ತದೆ. ಡೀಸೆಲ್ ಎಂಜಿನ್ನಿಗೆ ಈ ಆಯಿಲ್ ಪರೀಕ್ಷೆಯೂ ಬೇಡ, ಪೆಟ್ರೋಲ್ ಗೇಜೂ ಬೇಡ. ಅಲ್ಲಿನ ಒತ್ತಡ 400 ಪಿಎಸ್‌ಐ ದಾಟಬಲ್ಲದು.

ಇಷ್ಟಾದ ಮೇಲೂ ಕಡಿಮೆಯೇ ಬಂದರೆ ಪಾನಾ ಎತ್ತಿಕೊಳ್ಳುವ ಮೊದಲು ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಇದರಲ್ಲಿ ಸಿಲಿಂಡರಿನೊಳಗೆ ತುಂಬಿದ ಗಾಳಿ ಸೈಲೆನ್ಸರಿನಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆಯಾದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಕೇಳಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.