ಪಂದಿಕರಿ ಊಟದ ನಂತರದ ಅಜೀರ್ಣಕ್ಕೆ ಯಾವುದು: ಓಮವೋ ಶುಂಠಿಯೋ ಹಿಂಗ್ವಷ್ಟಕವೋ ಅವಿಪತ್ತಿಕರವೋ

ಕೊಡಗಿನ ಮದುವೆ ಮನೆಯಲ್ಲೋ ಕೈಲ್‌ಪೊಳ್ದ್ ಹಬ್ಬದಲ್ಲೋ ಪಂದಿಕರಿ (ಹಂದಿಮಾಂಸದ ಕರಿ), ಕಡಂಬುಟ್ಟು (ಅಕ್ಕಿತರಿಯ ಉಂಡೆ) ಹೊಟ್ಟೆ ತುಂಬ ಉಂಡ ಮೇಲೆ ಬರುವ ತೊಂದರೆ ಎಲ್ಲರಿಗೂ ಒಂದೇ ಅಲ್ಲ. ಒಬ್ಬರಿಗೆ ಕಲ್ಲಿಟ್ಟಂತೆ ಭಾರ, ಇನ್ನೊಬ್ಬರಿಗೆ ಉಬ್ಬರ, ಮತ್ತೊಬ್ಬರಿಗೆ ಎದೆಯುರಿ, ಹುಳಿತೇಗು. ಇದಕ್ಕೆ ಕಾರಣ ಊಟದಲ್ಲೇ ಇದೆ. ಕೊಬ್ಬು ಹೆಚ್ಚಾದಷ್ಟೂ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ಅದರಿಂದ ಭಾರ. ಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಹುಳಿ ಮತ್ತು ಕರಿಮೆಣಸಿನ ಖಾರ ಮೊದಲೇ ಉರಿ ಇರುವವರನ್ನು ಇನ್ನಷ್ಟು ಕೆಣಕುತ್ತವೆ. ಮನೆಯ ಓಮ, ಒಣಶುಂಠಿ, ಅಂಗಡಿಯ ಆಯುರ್ವೇದ ಚೂರ್ಣಗಳಾದ ಹಿಂಗ್ವಷ್ಟಕ, ಅವಿಪತ್ತಿಕರ ನಾಲ್ಕನ್ನೂ ‘ಜೀರ್ಣಕ್ಕೆ’ ಎಂದೇ ಹೇಳಿ ಕೊಡುತ್ತಾರೆ. ಆದರೆ ಉರಿಯಿದ್ದವರಿಗೆ ಭಾರದ ಮದ್ದು ಕೊಟ್ಟರೆ ರಾತ್ರಿಯಿಡೀ ನಿದ್ದೆಯಿಲ್ಲ.

ಮೊದಲು ಒಂದು ಎಚ್ಚರಿಕೆ. ಎದೆಯ ಒತ್ತಡದ ಜೊತೆ ಬೆವರು, ಏದುಸಿರು, ಎಡತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ಅದನ್ನು ಗ್ಯಾಸ್ ಎಂದು ಓಮ ಅಗಿಯುತ್ತಾ ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೊರಡಬೇಕು. ತೋಟದ ನಡುವಿನ ಮನೆಯಿಂದ ಆಸ್ಪತ್ರೆ ದೂರವಿರುವ ಊರುಗಳಲ್ಲಿ ಕಳೆದುಕೊಂಡ ಅರ್ಧ ಗಂಟೆ ದೊಡ್ಡದು. ಮಲ ಟಾರಿನಂತೆ ಕಪ್ಪಾದರೆ, ನುಂಗಲು ಕಷ್ಟವಾದರೆ, ತೂಕ ಇಳಿಯುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಅಥವಾ ಅಜೀರ್ಣ ಎರಡು ವಾರ ದಾಟಿದರೆ ಚೂರ್ಣದ ಮಾತೇ ಬೇಡ. ಇಲ್ಲಿ ಬರೆದಿರುವುದು ಅಪರೂಪಕ್ಕೆ ಬಂದು ಹೋಗುವ ಅಜೀರ್ಣದ ಬಗ್ಗೆ ಮಾತ್ರ.

ಈ ನಾಲ್ಕನ್ನೂ ಹೋಲಿಸುವ ಕ್ರಮ ಸರಳ. ಊಟ ಒಂದೇ ಬಗೆಯದು, ಅಳತೆಯೂ ಒಂದೇ. ಒಂದು ಊಟಕ್ಕೆ ಒಂದೇ ಮದ್ದು, ಎರಡು ಪ್ರಯೋಗಗಳ ನಡುವೆ ಒಂದು ವಾರ. ಅರ್ಧ ಗಂಟೆಗೆ, ಎರಡು ಗಂಟೆಗೆ, ಮರುದಿನ ಬೆಳಿಗ್ಗೆ ಹೊಟ್ಟೆ ಹೇಗಿತ್ತೆಂದು ಚೀಟಿಯಲ್ಲಿ ಬರೆದಿಡಬೇಕು. ಮದ್ದಿನ ಬೆನ್ನಿಗೇ ಬೆಲ್ಲದ ಕರಿಕಾಫಿ ಕುಡಿದರೆ ಯಾವುದು ಏನು ಮಾಡಿತೆಂದು ತಿಳಿಯುವುದಿಲ್ಲ. ಉರಿ ಇರುವವರಿಗಂತೂ ಕಾಫಿಯೇ ಅರ್ಧ ಕಾರಣ.

ಓಮ ಬೇಗ ಕೆಲಸ ಮಾಡುತ್ತದೆ, ಆದರೆ ಉಬ್ಬರಕ್ಕೆ ಮಾತ್ರ. ಅರ್ಧ ಚಮಚ ಓಮವನ್ನು ಕುಟ್ಟಿ, ಒಂದು ಲೋಟ ಕುದಿಯುವ ನೀರಿಗೆ ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟು, ಗುಟುಕು ಗುಟುಕಾಗಿ ಕುಡಿದರೆ ಅರ್ಧ ಗಂಟೆಯೊಳಗೆ ತೇಗು ಬಂದು ಹೊಟ್ಟೆ ಸಡಿಲವಾಗುತ್ತದೆ. ಎಲ್ಲರೂ ತಪ್ಪುವುದು ಕುದಿಸುವಲ್ಲಿ. ಓಮದ ಘಾಟು ಥೈಮಾಲ್ ಎಂಬ ಆವಿಯಾಗುವ ಅಂಶದ್ದು. ಪಾತ್ರೆ ತೆರೆದಿಟ್ಟು ಕಾಲು ಗಂಟೆ ಕುದಿಸಿದರೆ ಅಡುಗೆಮನೆ ತುಂಬ ಪರಿಮಳ, ಲೋಟದಲ್ಲಿ ಬರೀ ಕಹಿ ನೀರು. ಕೊಬ್ಬಿನ ಭಾರಕ್ಕೆ ಓಮದಿಂದ ಹೆಚ್ಚೇನೂ ಆಗಲಿಲ್ಲ. ಜೀರಿಗೆ ನೀರು ಇದೇ ದಾರಿಯದ್ದು, ಇನ್ನೂ ಮೆದು. ಓಮದ ಖಾರ ಒಗ್ಗದವರಿಗೆ ಸಾಕು.

ಒಣಶುಂಠಿ ಭಾರಕ್ಕೆ ಸರಿಯಾದ ಜೋಡಿ. ಸುಮಾರು 1.2 ಗ್ರಾಂ ಶುಂಠಿಪುಡಿ ಕೊಟ್ಟು ನಡೆಸಿದ ಸಣ್ಣ ವೈದ್ಯಕೀಯ ಪ್ರಯೋಗಗಳಲ್ಲಿ ಜಠರ ಬೇಗ ಖಾಲಿಯಾದದ್ದು ಕಂಡಿದೆ. ಆದರೆ ಅಜೀರ್ಣದ ರೋಗಿಗಳ ಮೇಲೆ ನಡೆಸಿದ ಅಂಥ ಒಂದು ಪ್ರಯೋಗದಲ್ಲಿ ಹೊಟ್ಟೆಯ ತೊಂದರೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಪವಾಡವನ್ನೇನೂ ನಿರೀಕ್ಷಿಸಬಾರದು. ಅಳತೆ: ಅರ್ಧ ಚಮಚ ಪುಡಿ, ಒಂದು ಲೋಟ ನೀರು, ಮುಚ್ಚಿ ಐದು ನಿಮಿಷ ಸಣ್ಣ ಉರಿ. ಊಟಕ್ಕೆ ಅರ್ಧ ಗಂಟೆ ಮೊದಲು ಕುಡಿದದ್ದು ಊಟದ ನಂತರ ಕುಡಿದದ್ದಕ್ಕಿಂತ ಚೆನ್ನಾಗಿ ನಡೆಯಿತು. ಹಸಿಶುಂಠಿ ಒಣಗಿದಾಗ ಅದರ ಖಾರದ ಅಂಶ ಬದಲಾಗಿ ಇನ್ನಷ್ಟು ತೀಕ್ಷ್ಣವಾಗುತ್ತದೆ. ಹಾಗಾಗಿ ಹಸಿಶುಂಠಿಯ ಲೆಕ್ಕದಲ್ಲಿ ಪುಡಿ ಸುರಿದರೆ ಗಂಟಲು, ಎದೆ ಉರಿಯುವುದು ಖಂಡಿತ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಶುಂಠಿಯನ್ನು ಮದ್ದಾಗಿ ತೆಗೆದುಕೊಳ್ಳಬಾರದು.

ಇನ್ನು ಹಿಂಗ್ವಷ್ಟಕ. ಇದನ್ನು ತಪ್ಪಾಗಿ ತೆಗೆದುಕೊಂಡು ‘ಕೆಲಸ ಮಾಡಲಿಲ್ಲ’ ಎನ್ನುವವರೇ ಹೆಚ್ಚು. ಶುಂಠಿ, ಕರಿಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಜೀರಿಗೆ, ಕರಿಜೀರಿಗೆ ಏಳೂ ಸಮಭಾಗ, ಅಷ್ಟೇ ಅಳತೆಯ ಎಂಟನೆಯ ಭಾಗ ತುಪ್ಪದಲ್ಲಿ ಹುರಿದ ಇಂಗು. ಶಾಸ್ತ್ರ ಹೇಳುವ ಕ್ರಮದಲ್ಲಿ ಇದನ್ನು ಊಟದ ಮೊದಲ ತುತ್ತಿನಲ್ಲೇ ತುಪ್ಪದೊಂದಿಗೆ ಕಲಸಿ ತಿನ್ನಬೇಕು. ಊಟ ಮುಗಿಸಿ ಬಿಸಿನೀರಿಗೆ ಹಾಕಿ ಕುಡಿದಾಗ ಎರಡು ಗಂಟೆ ಇಂಗಿನ ತೇಗು, ಗಂಟಲಲ್ಲಿ ಕಾವು. ಅದೇ ಅರ್ಧ ಚಮಚವನ್ನು ಒಂದು ಚಮಚ ತುಪ್ಪದೊಂದಿಗೆ ಬಿಸಿ ಅನ್ನದ ಮೊದಲ ತುತ್ತಿಗೆ ಕಲಸಿದಾಗ ಉಬ್ಬರ, ಭಾರ ಎರಡೂ ಸ್ಪಷ್ಟವಾಗಿ ಕಡಿಮೆ. ಅನ್ನವಿಲ್ಲದ ಊಟವಾದರೆ ಒಂದು ಕಡಂಬುಟ್ಟನ್ನು ಬಿಸಿಯಿರುವಾಗಲೇ ಪುಡಿಮಾಡಿ ಅದರಲ್ಲಿ ಕಲಸಿದರೂ ನಡೆಯುತ್ತದೆ. ಅಕ್ಕಿ ಒಟ್ಟಿಯ (ಅಕ್ಕಿರೊಟ್ಟಿ) ಮೇಲೆ ಉದುರಿಸಿದರೆ ಮಾತ್ರ ಪುಡಿ ನಾಲಿಗೆಗೇ ಅಂಟಿ ಮುಖ ಸಿಂಡರಿಸುವಂತಾಗುತ್ತದೆ.

ಮನೆಯಲ್ಲೇ ಮಾಡುವವರು ಇಂಗಿನಲ್ಲಿ ಎಡವುತ್ತಾರೆ. ಅಡುಗೆಯ ಡಬ್ಬಿಯ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುತ್ತವೆ, ಅದನ್ನು ಹಾಕಿದರೆ ಚೂರ್ಣ ಸಪ್ಪೆ. ಗೋಧಿ ಒಗ್ಗದವರು ಡಬ್ಬಿಯ ಮೇಲಿನ ಬರಹ ಓದಲೇಬೇಕು. ಗ್ರಂಧಿಗೆ ಅಂಗಡಿಯಲ್ಲಿ ಬೆರಕೆಯಿಲ್ಲದ ಗಟ್ಟಿ ಇಂಗು ಕೇಳಿ ತಂದು, ತುಪ್ಪದಲ್ಲಿ ಉಬ್ಬುವವರೆಗೆ ಹುರಿದು, ಆರಿದ ಮೇಲೆ ಪುಡಿಮಾಡಬೇಕು. ಹುರಿಯದ ಇಂಗು ವಾಕರಿಕೆ ತರುತ್ತದೆ. 3 ಗ್ರಾಂ ಚೂರ್ಣದಲ್ಲಿ 0.4 ಗ್ರಾಂಗಿಂತ ಸ್ವಲ್ಪ ಕಡಿಮೆ ಉಪ್ಪಿರುತ್ತದೆ. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಎದೆಯುರಿ ಇರುವವರಿಗೆ, ಹುಣ್ಣಿರುವವರಿಗೆ, ಗರ್ಭಿಣಿಯರಿಗೆ ಇದು ಬೇಡ.

ಉರಿ, ಹುಳಿತೇಗಿಗೆ ಅವಿಪತ್ತಿಕರವೊಂದೇ ಒಗ್ಗಿತು. ಹೆಸರು ಕೇಳಿ ಇದೂ ತ್ರಿಕಟುವಿನ (ಶುಂಠಿ, ಕರಿಮೆಣಸು, ಹಿಪ್ಪಲಿ) ಖಾರದ್ದೇ ಎಂದುಕೊಳ್ಳುವುದು ಸಹಜ, ಆದರೆ ಶಾಸ್ತ್ರ ಹೇಳುವ ಅಳತೆ ನೋಡಿ: ತ್ರಿಕಟು, ತ್ರಿಫಲೆ (ನೆಲ್ಲಿ, ಅಳಲೆ, ತಾರೆ), ಭದ್ರಮುಷ್ಟಿ, ಬಿಡಲವಣ (ಒಂದು ಬಗೆಯ ಉಪ್ಪು), ವಾಯುವಿಳಂಗ, ಏಲಕ್ಕಿ, ತೇಜಪತ್ರೆ ಸೇರಿ ಹನ್ನೊಂದು ದ್ರವ್ಯ ಒಂದೊಂದು ಭಾಗ, ಲವಂಗ 11 ಭಾಗ, ತಿಗಡೆ ಬೇರು 44, ಸಕ್ಕರೆ 66. ಒಟ್ಟು 132ರಲ್ಲಿ ತ್ರಿಕಟು 3 ಮಾತ್ರ. ಅರ್ಧ ಸಕ್ಕರೆಯಾದ್ದರಿಂದ ಸಕ್ಕರೆ ಕಾಯಿಲೆಯವರಿಗೆ ಆಗದು. ಮೂರನೇ ಒಂದು ಭಾಗ ತಿಗಡೆ, ಅದು ಭೇದಿ ಮಾಡಿಸುವ ಬೇರು. ಊಟಕ್ಕೆ ಮೊದಲು ಅರ್ಧ ಚಮಚ ಚೂರ್ಣವನ್ನು ನೀರಿನಲ್ಲಿ ತೆಗೆದುಕೊಂಡಾಗ ಉರಿ ತಗ್ಗಿತು, ಬೆಳಿಗ್ಗೆ ಹೊಟ್ಟೆ ಹಗುರಾಗಿ ಹೋಯಿತು. ಎರಡು ಚಮಚಕ್ಕೆ ಏರಿಸಿದರೆ ಮರುದಿನ ಮಡಿಕೇರಿಯ ಬಸ್ಸು ಹತ್ತುವ ಧೈರ್ಯ ಬರುವುದಿಲ್ಲ. ಗರ್ಭಿಣಿಯರು, ಮಕ್ಕಳು, ಮೊದಲೇ ಭೇದಿಯಿರುವವರು ಇದನ್ನು ಮುಟ್ಟಬಾರದು.

ಮಳೆಗಾಲದ ಬೈಂಬಳೆ (ಕಳಲೆ) ಕರಿಯ ಸಂಗತಿ ಬೇರೆ. ಹೆಚ್ಚಿದ ಕಳಲೆಯನ್ನು ದಿನಾ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ, ಆ ನೀರನ್ನೂ ಚೆಲ್ಲದಿದ್ದರೆ ಹಸಿ ಕಳಲೆಯ ಸಯನೈಡ್ ಅಂಶ ಉಳಿಯುತ್ತದೆ. ಅದನ್ನು ತಿಂದು ತಲೆಸುತ್ತು, ವಾಂತಿ ಬಂದರೆ ಅದು ಅಜೀರ್ಣವಲ್ಲ, ಈ ನಾಲ್ಕರಲ್ಲಿ ಯಾವುದೂ ಮದ್ದೂ ಅಲ್ಲ.

ಇಟ್ಟುಕೊಳ್ಳುವ ವಿಷಯದಲ್ಲಿ ಕೊಡಗಿನ ಮಳೆ ಎರಡೂ ಚೂರ್ಣಗಳಿಗೆ ಶತ್ರು. ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಉಪ್ಪಿನ ಜೊತೆ ಸಕ್ಕರೆ. ಎರಡೂ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತವೆ, ಒದ್ದೆ ಚಮಚ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ನಡೆಯುವ ಪ್ಲಾಸ್ಟಿಕ್ ಡಬ್ಬಿ, ಮಳೆ ಸುರಿಯುವ ಭಾಗಮಂಡಲದ ಜುಲೈ ತಿಂಗಳಲ್ಲಿ ನಡೆಯುವುದಿಲ್ಲ. 50 ಗ್ರಾಂಗಿಂತ ದೊಡ್ಡ ಪೊಟ್ಟಣ ಕೊಳ್ಳದೆ, ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ, ಹುರಿದು ಆರಿಸಿದ ಅಕ್ಕಿಯ ಸಣ್ಣ ಬಟ್ಟೆಗಂಟೊಂದನ್ನು ಒಳಗಿಟ್ಟು, ಒಲೆಯ ಹತ್ತಿರದ ಒಣ ಕಪಾಟಿನಲ್ಲಿ ಇಡಿ. ಗಂಟುಗಟ್ಟಿದ್ದನ್ನು ಬಿಸಿಲಿಗೆ ಹಾಕಿ ಒಣಗಿಸಿ ಮತ್ತೆ ಬಳಸುವವರಿದ್ದಾರೆ. ಬೂಷ್ಟಿನ ವಾಸನೆ ಒಮ್ಮೆ ಬಂದದ್ದನ್ನು ಎಸೆಯಲೇಬೇಕು.