ಗಿಡಗಳ ಅಕ್ವೇರಿಯಮ್‌ಗೆ ಅಕ್ವಾ ಸಾಯಿಲ್: ಮೂರು ವರ್ಷ ಬಳಸಿದ ಮೇಲೆ

ಗಿಡ ಬೆಳೆಸುವ ಟ್ಯಾಂಕ್ ಮಾಡಬೇಕು ಅಂತ ಹೊರಟವರು ಮೊದಲು ಲೈಟ್ ಬಗ್ಗೆ ಕೇಳುತ್ತಾರೆ, ಆಮೇಲೆ ಫಿಲ್ಟರ್ ಬಗ್ಗೆ. ತಳಕ್ಕೆ ಏನು ಹಾಕುವುದು ಅನ್ನುವ ಪ್ರಶ್ನೆ ಬರುವುದು ಕೊನೆಗೆ. ಒಂದೇ ಟ್ಯಾಂಕನ್ನು ಮೂರು ವರ್ಷ ಅಕ್ವಾ ಸಾಯಿಲ್, ಅಂದರೆ ಗಿಡಗಳಿಗಾಗಿ ತಳಕ್ಕೆ ಹಾಕುವ ಕಾಳು ಮಣ್ಣಿನ ಮೇಲೆ ನಡೆಸಿದ ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದನ್ನು. ನೀರಿನ ಗುಣ ಹೇಗಿರಬೇಕು ಅಂತ ಈ ಮಣ್ಣು ನಿರ್ಧರಿಸುತ್ತದೆ, ಯಾವ ಗಿಡ ಬಾಳುತ್ತದೆ, ಯಾವ ಮೀನು ಸುಖವಾಗಿರುತ್ತದೆ ಅಂತ ಆ ನೀರು ನಿರ್ಧರಿಸುತ್ತದೆ. ಲೈಟನ್ನೂ ಫಿಲ್ಟರನ್ನೂ ಯಾವಾಗ ಬೇಕಾದರೂ ಬದಲಾಯಿಸಬಹುದು. ಮಣ್ಣು ಬದಲಾಯಿಸಬೇಕಾದರೆ ಇಡೀ ಟ್ಯಾಂಕನ್ನೇ ಬಿಚ್ಚಬೇಕು.

ಈ ಬಗೆಯ ಮಣ್ಣಿನ ಹಿಂದೆ ಜಪಾನಿನ ತಕಾಶಿ ಅಮಾನೊ ಅವರ ಪ್ರಭಾವ ದೊಡ್ಡದು. ಅಕ್ವಾ ಡಿಸೈನ್ ಅಮಾನೊ ಕಂಪನಿಯನ್ನು ಅವರು 1982ರಲ್ಲಿ ಶುರು ಮಾಡಿದರು. ಗಾಜಿನ ತೊಟ್ಟಿಯೊಳಗೆ ಕಾಡು, ಕಣಿವೆ, ಹುಲ್ಲುಗಾವಲಿನ ನೋಟ ಕಟ್ಟುವ ಶೈಲಿಯನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು ಅವರೇ. ಈಗ ಬೇರೆ ಬೇರೆ ಕಂಪನಿಗಳು ಇಂಥ ಮಣ್ಣು ಮಾಡುತ್ತವೆ. ನಾನು ಹೇಳುವುದು ಯಾವುದೋ ಒಂದು ಬ್ರಾಂಡಿನ ಬಗ್ಗೆ ಅಲ್ಲ, ಆಕ್ಟಿವ್ ಸಾಯಿಲ್ ಅಂತ ಮಾರುವ ಈ ಬಗೆಯ ಬಗ್ಗೆ.

ನೋಡಲು ಕಡುಕಂದು ಬಣ್ಣದ, ಎರಡು ಮೂರು ಮಿಲಿಮೀಟರ್ ಗಾತ್ರದ ಕಾಳು. ಮಣ್ಣನ್ನು ಸುಟ್ಟು ಕಾಳು ಮಾಡಿರುತ್ತಾರೆ, ಆದರೆ ಇಟ್ಟಿಗೆಯಷ್ಟು ಗಟ್ಟಿ ಆಗುವಷ್ಟು ಸುಟ್ಟಿರುವುದಿಲ್ಲ. ಹಾಗಾಗಿ ಅದರೊಳಗೆ ಬೇರು ಇಳಿಯುತ್ತದೆ, ಗೊಬ್ಬರದ ಅಂಶ ಉಳಿಯುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಗಳನ್ನು ಈ ಕಾಳುಗಳು ಹಿಡಿದಿಟ್ಟುಕೊಳ್ಳುತ್ತವೆ, ಕಾರ್ಬೊನೇಟ್ ಗಡಸುತನವನ್ನೂ ಇಳಿಸುತ್ತವೆ. ಪಿಎಚ್ 6ರಿಂದ 6.8ರ ನಡುವೆ ಬಂದು ನಿಲ್ಲುವುದು ಇದರಿಂದಲೇ. ಸಾದಾ ಜಲ್ಲಿಗಾಗಲಿ ಮರಳಿಗಾಗಲಿ ಈ ಗುಣ ಇಲ್ಲ.

ನನ್ನ ಟ್ಯಾಂಕ್ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಲೆಕ್ಕಕ್ಕೆ 182 ಲೀಟರ್. ಮಣ್ಣು, ಮರದ ಬೊಡ್ಡೆ, ಕಲ್ಲು ಎಲ್ಲ ಹಾಕಿದ ಮೇಲೆ ಹಿಡಿಯುವ ನೀರು 150ರ ಆಸುಪಾಸು. 9 ಲೀಟರಿನ ಮೂರು ಚೀಲ ಮಣ್ಣು ಹಿಡಿಯಿತು: ಮುಂದೆ ನಾಲ್ಕೈದು ಸೆಂ.ಮೀ., ಹಿಂದೆ ಎಂಟೊಂಬತ್ತು. ಹಿಂದಕ್ಕೆ ಏರಿಸಿ ಹಾಕಿದರೆ ಆಳ ಇದ್ದಂತೆ ಕಾಣುತ್ತದೆ, ದೊಡ್ಡ ಬೇರಿನ ಗಿಡಗಳಿಗೂ ಜಾಗ ಸಿಗುತ್ತದೆ. ಈ ಮಣ್ಣನ್ನು ತೊಳೆಯಬಾರದು. ತೊಳೆದರೆ ಕಾಳು ಒಡೆದು ರಾಡಿಯಾಗುತ್ತದೆ. ಒಣಗಿದ್ದಾಗಲೇ ಹರಡಿ, ಮೇಲೊಂದು ತಟ್ಟೆ ಇಟ್ಟು, ನೀರನ್ನು ಆ ತಟ್ಟೆಯ ಮೇಲೆ ನಿಧಾನವಾಗಿ ಬಿಟ್ಟರೆ ಕದಡುವುದು ಬಹಳ ಕಡಿಮೆ.

ಮೊದಲ ತಿಂಗಳ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಹೊಸಬರು ಕೈಬಿಡುವುದು ಈ ಹಂತದಲ್ಲೇ. ಹೊಸ ಸಾಯಿಲ್ ಅಮೋನಿಯಾ ಬಿಡುತ್ತದೆ. ಟೆಸ್ಟ್ ಕಿಟ್ಟಿನ ಟ್ಯೂಬ್ ಹಳದಿ ಬಿಟ್ಟು ಕಡುಹಸಿರಿಗೆ ತಿರುಗುವುದನ್ನು ನೋಡಿ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಅಮೋನಿಯಾವೇ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಊಟ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ, ಮೂರನೆಯದು ಕಡಿಮೆ ಪ್ರಮಾಣದಲ್ಲಿದ್ದರೆ ತೊಂದರೆ ಕೊಡುವುದಿಲ್ಲ, ಗಿಡಗಳು ಅದನ್ನು ಹೀರಿಕೊಳ್ಳುತ್ತವೆ. ಈ ಚಕ್ರ ಕೂಡಿಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರ ದಿನಾ ಅರ್ಧ ನೀರು ಬದಲಾಯಿಸಿದೆ, ಎರಡನೇ ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ. ನಲ್ಲಿ ನೀರಿಗೆ ಪ್ರತಿ ಸಲವೂ ಕ್ಲೋರಿನ್ ತೆಗೆಯುವ ದ್ರಾವಣ ಹಾಕಬೇಕು, ಇಲ್ಲವಾದರೆ ಬೆಳೆಸುತ್ತಿರುವ ಬ್ಯಾಕ್ಟೀರಿಯಾವನ್ನು ನಾವೇ ಕೊಂದಂತೆ. ಕಿಟ್ ವಿಷಯದಲ್ಲಿ ಒಂದು ಮಾತು: ನೀರಿಗೆ ಅದ್ದಿ ನೋಡುವ ಪಟ್ಟಿಗಿಂತ ದ್ರವದ ಕಿಟ್ ನಂಬಬಹುದು, ಆದರೆ ನೈಟ್ರೇಟ್ ಬಾಟಲಿಯನ್ನು ಅದರಲ್ಲಿ ಹೇಳಿದಷ್ಟು ಹೊತ್ತೂ ಜೋರಾಗಿ ಕುಲುಕಬೇಕು. ರಾಸಾಯನಿಕ ತಳ ಹಿಡಿದಿದ್ದರೆ ನೈಟ್ರೇಟ್ ಇದ್ದರೂ ಇಲ್ಲ ಅಂತಲೇ ತೋರಿಸುತ್ತದೆ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಅಲ್ಲೇ ನಿಲ್ಲುವವರೆಗೆ ಒಂದೇ ಒಂದು ಮೀನು ಬಿಡಬೇಡಿ. ಅಂಗಡಿಯವರು ಏನೇ ಹೇಳಲಿ. ಗಿಡಗಳನ್ನು ಮಾತ್ರ ಮೊದಲ ದಿನವೇ ನೆಡಿ, ಅದೂ ಒತ್ತೊತ್ತಾಗಿ. ಅಮೋನಿಯಾದ ಒಂದು ಪಾಲನ್ನು ಅವು ನೇರವಾಗಿ ಎಳೆದುಕೊಳ್ಳುತ್ತವೆ, ಪಾಚಿಗೆ ಉಳಿಯುವುದು ಅಷ್ಟು ಕಡಿಮೆ.

ಗಿಡಗಳಲ್ಲಿ ಈ ಮಣ್ಣಿಗೆ ಹೇಳಿ ಮಾಡಿಸಿದ್ದು ಕ್ರಿಪ್ಟೊಕೊರೈನ್. ನೆಟ್ಟ ಒಂದೆರಡು ವಾರದಲ್ಲಿ ಎಲೆಗಳೆಲ್ಲ ಕರಗಿ ಲೋಳೆಯಾದವು. ಇದು ಈ ಜಾತಿಯ ಸ್ವಭಾವ, ನೀರು ಬದಲಾದರೆ ಎಲೆ ಉದುರಿಸಿ ಹೊಸದಾಗಿ ಚಿಗುರುತ್ತದೆ. ಕಿತ್ತು ಬಿಸಾಡದೆ ಬುಡ ಬಿಟ್ಟಿದ್ದಕ್ಕೆ ಎರಡನೇ ತಿಂಗಳು ಕಂದುಗೆಂಪು ಕುಡಿ ಬಂದವು. ಈಗ ಆ ಮೂಲೆಯಲ್ಲಿ ತಳವೇ ಕಾಣುವುದಿಲ್ಲ. ಪಕ್ಕದ ಗಾಜಿಗೆ ಕಣ್ಣು ಹಚ್ಚಿ ನೋಡಿದರೆ ಬಿಳೀ ಬೇರುಗಳು ಕಾಳಿನಿಂದ ಕಾಳಿಗೆ ಹಾದು ಟ್ಯಾಂಕಿನ ತಳದವರೆಗೆ ಹೋಗಿರುವುದು ಕಾಣುತ್ತದೆ. ಅಮೆಜಾನ್ ಸ್ವೋರ್ಡ್ ಕೂಡ ಹಾಗೆಯೇ, ಕೊಟ್ಟಷ್ಟೂ ತಿನ್ನುತ್ತದೆ. ಅನುಬಿಯಾಸ್, ಜಾವಾ ಫರ್ನ್‌ಗಳಿಗೆ ಮಣ್ಣಿನ ಹಂಗೇ ಇಲ್ಲ. ಅವುಗಳ ಗಡ್ಡೆಯಂಥ ಕಾಂಡವನ್ನು ಹೂತರೆ ಕೊಳೆಯುತ್ತದೆ, ಬೊಡ್ಡೆಗೋ ಕಲ್ಲಿಗೋ ದಾರದಿಂದ ಕಟ್ಟಬೇಕು.

ಒಂದು ಗಿಡ ಮಾತ್ರ ಮೊದಲ ವರ್ಷವೆಲ್ಲ ಸೊರಗಿಕೊಂಡೇ ಇತ್ತು: ವಾಲಿಸ್ನೇರಿಯಾ. ಎಲ್ಲರೂ ಸುಲಭ ಅನ್ನುವ ಗಿಡ ಅದು. ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ಪಡೆಯುವ ಶಕ್ತಿ ಅದಕ್ಕಿದೆ, ಹಾಗಾಗಿ ಗಡಸು ನೀರಿನಲ್ಲಿ ಸೊಂಪಾಗಿ ಬೆಳೆಯುತ್ತದೆ. ಹೊಸ ಸಾಯಿಲ್ ಇರುವ ಟ್ಯಾಂಕಿನಲ್ಲಿ ಕೆಎಚ್ (ಮೇಲೆ ಹೇಳಿದ ಕಾರ್ಬೊನೇಟ್ ಗಡಸುತನದ ಅಳತೆ) ಸೊನ್ನೆಯ ಹತ್ತಿರ ಇರುತ್ತದೆ, ಅದಕ್ಕೆ ಬೇಕಾದದ್ದು ಸಿಗುವುದಿಲ್ಲ. ಈ ಗಿಡದ ವಿಷಯಕ್ಕೆ ಮತ್ತೆ ಬರುತ್ತೇನೆ.

ಲೈಟು ಸಾಧಾರಣ ಎಲ್‌ಇಡಿ, ಟೈಮರ್‌ಗೆ ಹಾಕಿದ್ದೇನೆ. ಮೊದಲ ತಿಂಗಳು ದಿನಕ್ಕೆ ಆರು ಗಂಟೆ, ಈಗ ಏಳೂವರೆ. ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಇಲ್ಲ. ಮೇಲೆ ಹೇಳಿದ ಗಿಡಗಳಿಗೆ ಅದರ ಅಗತ್ಯವೂ ಇಲ್ಲ, ನೆಲಕ್ಕೆ ಹಬ್ಬುವ ಹುಲ್ಲಿನಂಥ ಗಿಡ ಅಥವಾ ಕಡುಗೆಂಪು ಗಿಡ ಬೇಕೆನ್ನುವವರಿಗೆ ಬೇಕು. ಹೀಟರ್ 25 ಡಿಗ್ರಿಗೆ. ಕ್ಯಾನಿಸ್ಟರ್ ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ, ನಲ್ಲಿಯ ಕೆಳಗೆ ಹಿಡಿಯುವುದಿಲ್ಲ. ಶುರುವಿನ ವಾರಗಳಲ್ಲಿ ಗಾಜಿನ ಮೇಲೆ, ಎಲೆಗಳ ಮೇಲೆ ಕಂದು ಪುಡಿಯಂಥ ಡಯಾಟಮ್ ಪಾಚಿ ಕೂರುತ್ತದೆ. ಔಷಧಿ ಹಾಕಬೇಡಿ, ಒರೆಸಿ ಸುಮ್ಮನಿರಿ, ತಾನಾಗಿ ಹೋಗುತ್ತದೆ.

ಇನ್ನು ಮೀನು. ಮೆದು, ತುಸು ಹುಳಿ ನೀರು ಸಿದ್ಧ ಇರುವಾಗ ಅಂಥದ್ದೇ ನೀರಿನಿಂದ ಬಂದ ಮೀನು ತರುವುದು ನ್ಯಾಯ. ಮೊದಲು ಬಿಟ್ಟದ್ದು ಅಮಾನೊ ಸೀಗಡಿ. ಪಾಚಿ ಮೇಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಮರಿಗಳಿಗೆ ಉಪ್ಪುನೀರು ಬೇಕಾದ್ದರಿಂದ ಟ್ಯಾಂಕಿನಲ್ಲಿ ಸಂತತಿ ಹೆಚ್ಚುವ ಚಿಂತೆಯೂ ಇಲ್ಲ. ಸೀಗಡಿ ಇದ್ದ ಮೇಲೆ ತಾಮ್ರ ಇರುವ ಮೀನಿನ ಔಷಧಿಗಳನ್ನು ಮುಟ್ಟುವಂತಿಲ್ಲ. ಆಮೇಲೆ ಹಾರ್ಲೆಕ್ವಿನ್ ರಾಸ್ಬೋರಾ ಹತ್ತು, ಕೊರಿಡೊರಾಸ್ ಎಂಟು. ಕೊನೆಗೆ, ಟ್ಯಾಂಕ್ ಪೂರ್ತಿ ಪಳಗಿದ ಮೇಲೆ, ಓಟೊಸಿಂಕ್ಲಸ್ ಐದು, ಕಾರ್ಡಿನಲ್ ಟೆಟ್ರಾ ಇಪ್ಪತ್ತು. ಓಟೊಗಳನ್ನು ಹೊಸ ಟ್ಯಾಂಕಿಗೆ ತಂದರೆ ಹಸಿವಿನಿಂದಲೇ ಸಾಯುತ್ತವೆ. ಎಲೆ, ಮರಗಳ ಮೇಲೆ ತೆಳುವಾಗಿ ಬೆಳೆಯುವ ಪದರವೇ ಅವುಗಳ ಆಹಾರ, ಅದು ಬೆಳೆಯಲು ತಿಂಗಳುಗಳೇ ಬೇಕು.

ಕಾರ್ಡಿನಲ್ ಬಗ್ಗೆ ನನಗೆ ವಿಶೇಷ ಪ್ರೀತಿ. ನಿಯಾನ್ ಟೆಟ್ರಾದಲ್ಲಿ ಕೆಂಪು ಪಟ್ಟಿ ಹೊಟ್ಟೆಯ ಅರ್ಧದಿಂದ ಬಾಲದ ಕಡೆಗೆ ಮಾತ್ರ, ಕಾರ್ಡಿನಲ್‌ನಲ್ಲಿ ಉದ್ದಕ್ಕೂ. ಬ್ರೆಜಿಲ್‌ನ ರಿಯೊ ನೀಗ್ರೊ ನದಿಯ ಚಹಾ ಬಣ್ಣದ, ಖನಿಜವೇ ಇಲ್ಲವೆನ್ನುವಷ್ಟು ಮೆದು ನೀರಿನ ಮೀನು ಅದು. ಅಲ್ಲಿನ ಬಾರ್ಸೆಲೋಸ್ ಪಟ್ಟಣದ ಸುತ್ತಮುತ್ತ ಇವನ್ನು ಹಿಡಿದು ಮಾರಿಯೇ ಎಷ್ಟೋ ಕುಟುಂಬಗಳು ಬದುಕಿವೆ. ಕಪ್ಪು ಮಣ್ಣು, ಕಂದು ಎಲೆಗಳ ಎದುರು ಆ ನೀಲಿ ಗೆರೆ ಹೊಳೆಯುವಂತೆ ಬಿಳಿ ಜಲ್ಲಿಯ ಮೇಲೆ ಎಂದಿಗೂ ಹೊಳೆಯದು.

ಕೊರಿಡೊರಾಸ್‌ಗೆಂದು ಮುಂಭಾಗದಲ್ಲಿ ನುಣುಪು ಮರಳಿನ ಪಟ್ಟಿ ಬಿಟ್ಟಿದ್ದೇನೆ. ಅವು ಮರಳನ್ನು ಬಾಯಿಗೆ ತುಂಬಿಕೊಂಡು ಕಿವಿರಿನಿಂದ ಹೊರಬಿಡುತ್ತ ಆಹಾರ ಹುಡುಕುತ್ತವೆ, ಸಾಯಿಲ್ ಕಾಳಿನಲ್ಲಿ ಅದು ಆಗದು. ಮಧ್ಯೆ ಕಲ್ಲಿನ ಸಾಲು ಇಟ್ಟರೂ ಮಣ್ಣಿನ ಕಾಳು ಮರಳಿಗೆ ಉರುಳುತ್ತಲೇ ಇರುತ್ತದೆ, ವಾರಕ್ಕೊಮ್ಮೆ ಪೈಪಿನಿಂದ ಎಳೆಯಬೇಕು. ಈ ಮಣ್ಣಿನ ಬಗ್ಗೆ ನನಗಿರುವ ನಿಜವಾದ ಬೇಸರ ಇದೊಂದೇ.

ಕ್ರಿಪ್ಟೊಕೊರೈನ್ ಎಲೆಗಳು ಅಗಲವಾದ ಮೇಲೆ ಒಂದು ಬೆಳಿಗ್ಗೆ ರಾಸ್ಬೋರಾಗಳ ನಡವಳಿಕೆ ಬದಲಾಗಿತ್ತು. ಒಂದು ಗಂಡು ಎಲೆಯ ಕೆಳಗೆ ನಡುಗುತ್ತ ಅತ್ತಿತ್ತ ಸುಳಿಯುತ್ತಿತ್ತು. ಹೆಣ್ಣು ಬಂದು ಹೊಟ್ಟೆ ಮೇಲೆ ಮಾಡಿ ಮಗುಚಿತು, ಎಲೆಯ ಅಡಿಗೆ ಹೊಟ್ಟೆ ಉಜ್ಜಿತು. ಗಂಡೂ ಹಾಗೇ ಮಗುಚಿ ಅದರ ಮೈಗೆ ಬಾಗಿಕೊಂಡಿತು. ಒಂದು ಕ್ಷಣದ ಕೆಲಸ. ಟಾರ್ಚ್ ಹಾಕಿ ನೋಡಿದರೆ ಎಲೆಯ ಕೆಳಗೆ ಪಾರದರ್ಶಕ ಮೊಟ್ಟೆಗಳು ಅಂಟಿದ್ದವು. ಸಂಜೆಗೆ ಒಂದೂ ಉಳಿದಿರಲಿಲ್ಲ, ಎಲ್ಲ ಜಾತಿಯ ಮೀನು ಒಟ್ಟಿಗಿರುವ ಟ್ಯಾಂಕಿನಲ್ಲಿ ಮೊಟ್ಟೆ ಉಳಿಯುವುದು ಅಪರೂಪ. ಆದರೂ ಮೆದು ನೀರು, ಅಗಲ ಎಲೆ, ನೆಮ್ಮದಿ ಮೂರೂ ಇದ್ದರಷ್ಟೇ ಈ ಮೀನು ಮೊಟ್ಟೆಯಿಡುವ ಮನಸ್ಸು ಮಾಡುತ್ತದೆ. ಮಣ್ಣಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಬೇಕಿಲ್ಲ.

ಈಗ ಬಾಳಿಕೆಯ ವಿಷಯ. ಚೀಲದ ಮೇಲೆ ಏನೇ ಬರೆದಿರಲಿ, ಈ ಮಣ್ಣಿನ ಎರಡು ಗುಣಗಳು ಬೇರೆ ಬೇರೆ ಹೊತ್ತಿಗೆ ಮುಗಿಯುತ್ತವೆ. ಒಳಗಿನ ಗೊಬ್ಬರ ಒಂದು ವರ್ಷದ ಸುಮಾರಿಗೆ ತೀರುತ್ತದೆ. ಸ್ವೋರ್ಡ್‌ನ ಹೊಸ ಎಲೆ ಬಿಳಿಚಿಕೊಂಡಿದ್ದನ್ನು ಕಂಡ ಮೇಲೆ ಮೂರು ತಿಂಗಳಿಗೊಮ್ಮೆ ಬೇರಿನ ಬಳಿ ಗೊಬ್ಬರದ ಗುಳಿಗೆ ಹೂಳುತ್ತಿದ್ದೇನೆ, ಅಷ್ಟರಿಂದಲೇ ಸರಿಹೋಯಿತು. ನೀರನ್ನು ಮೆದು ಮಾಡುವ ಶಕ್ತಿ ಎಷ್ಟು ದಿನ ಅನ್ನುವುದು ನಿಮ್ಮ ನೀರಿನ ಮೇಲೆ ನಿಂತಿದೆ. ಗಡಸು ನೀರಾದರೆ ಬೇಗ ಮುಗಿಯುತ್ತದೆ. ನನ್ನ ನಲ್ಲಿ ನೀರಿನ ಕೆಎಚ್ 4. ಮೊದಲ ವರ್ಷ ಟ್ಯಾಂಕಿನಲ್ಲಿ ಸೊನ್ನೆ ಇದ್ದದ್ದು ಎರಡನೇ ವರ್ಷ ಮೆಲ್ಲಗೆ ಏರಿ, ಈಗ 3ಕ್ಕೆ ಬಂದಿದೆ. ಕಿಟ್ಟಿಗಿಂತ ಮೊದಲೇ ಇದನ್ನು ಹೇಳಿದ್ದು ಆ ವಾಲಿಸ್ನೇರಿಯಾ. ಸೊರಗಿ ನಿಂತಿದ್ದ ಗಿಡ ಎರಡನೇ ವರ್ಷದ ಕೊನೆಗೆ ಬಳ್ಳಿ ಬಿಟ್ಟು ಹಿಂಬದಿಯ ಗೋಡೆಯನ್ನೆಲ್ಲ ಆವರಿಸಿತು. ಕೆಎಚ್ ಏರಿದ್ದರಿಂದ ಮೀನುಗಳಿಗೇನೂ ಆಗಿಲ್ಲ, ಬದಲಾವಣೆ ಅಷ್ಟು ನಿಧಾನ.

ಕಾಳುಗಳು ಮೇಲ್ಪದರದಲ್ಲಿ ಗಟ್ಟಿಯಾಗೇ ಇವೆ. ಪದೇ ಪದೇ ಗಿಡ ಕಿತ್ತು ನೆಟ್ಟ ಜಾಗದಲ್ಲಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತವೆ, ಕಿತ್ತಾಗ ಕಂದು ಮೋಡ ಏಳುತ್ತದೆ. ಹಾಗಾಗಿ ಗಿಡವನ್ನು ಬೇರುಸಹಿತ ಎಳೆಯದೆ ಬುಡದ ಹತ್ತಿರ ಕತ್ತರಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಗಪ್ಪಿ, ಮೋಲಿ, ಪ್ಲಾಟಿ ಸಾಕುವ ಆಸೆ ಇದ್ದರೆ ಈ ಮಣ್ಣು ಕೊಳ್ಳಬೇಡಿ. ಅವಕ್ಕೆ ಗಡಸು ನೀರೇ ಬೇಕು, ಸಾದಾ ಜಲ್ಲಿ ಹಾಕಿ ಬೇರಿಗೆ ಗುಳಿಗೆ ಕೊಟ್ಟರೆ ಸಾಕು. ಆಫ್ರಿಕಾದ ಸರೋವರಗಳ ಸಿಕ್ಲಿಡ್‌ಗಳಿಗಂತೂ ಇದು ಪೂರ್ತಿ ಉಲ್ಟಾ. ಬರೀ ಅನುಬಿಯಾಸ್, ಫರ್ನ್, ಪಾಚಿಗಿಡ ಸಾಕು ಅನ್ನುವವರಿಗೂ ಇದು ದುಂದು. ಟೆಟ್ರಾ, ರಾಸ್ಬೋರಾ, ಬೇರೂರುವ ಗಿಡಗಳು, ತಾಳ್ಮೆ ಇದ್ದವರು ಕಣ್ಣುಮುಚ್ಚಿ ಕೊಳ್ಳಬಹುದು. ನಾನಂತೂ ಮತ್ತೆ ಕೊಳ್ಳುತ್ತೇನೆ. ಮುಂದೆ ಮಣ್ಣು ಬದಲಾಯಿಸುವಾಗ ಮೀನುಗಳನ್ನು ಬೇರೆ ತೊಟ್ಟಿಯಲ್ಲಿಟ್ಟು ಅದೇ ಫಿಲ್ಟರ್ ಅಲ್ಲಿ ಓಡಿಸಬೇಕು. ಹೊಸ ಮಣ್ಣು ಹೊಸದಾಗಿಯೇ ಅಮೋನಿಯಾ ಬಿಡುತ್ತದೆ, ಟೆಸ್ಟ್‌ನಲ್ಲಿ ಅದೂ ನೈಟ್ರೈಟೂ ಸೊನ್ನೆ ಆಗುವ ತನಕ ಮೀನುಗಳು ಆ ತೊಟ್ಟಿಯಲ್ಲೇ ಇರಲಿ.